ಆರೈಕೆ ತಪ್ಪಿದ ಕುದುರೆಯನ್ನು ಉಳಿಸಿ, ಚೇತರಿಸಿ, ಹೊಸ ಮನೆ ಸೇರಿಸುವ ಬಗೆ

ಮೈಸೂರು, ಮಂಡ್ಯದ ಕಡೆ ಆರೈಕೆ ತಪ್ಪಿದ ಕುದುರೆಗಳಲ್ಲಿ ಕೆಲವು ಆಟೋಗಳ ನಡುವೆ ಬಾಡಿಗೆ ಕಳೆದುಕೊಂಡ ಟಾಂಗಾಗಳಿಂದ ಬರುತ್ತವೆ. ಕೆಲವು ಮದುವೆ ಮೆರವಣಿಗೆಯಲ್ಲೂ ಜಾತ್ರೆಗಳಲ್ಲೂ ಮಕ್ಕಳನ್ನು ಹೊತ್ತು ಕಾಲು ಕೆಡಿಸಿಕೊಂಡ ತಟ್ಟುಗಳು. ಓಟ ಮುಗಿದ ಮೇಲೆ ಕೈಯಿಂದ ಕೈಗೆ ಮಾರಾಟವಾಗುತ್ತ, ಕೊನೆಗೆ ಮೇವು ಹಾಕಲಾಗದವರ ಹಿತ್ತಿಲು ಸೇರಿದ ರೇಸ್ ಕುದುರೆಗಳೂ ಇವೆ. ಇನ್ನು ಕೆಲವಕ್ಕೆ ಒಡೆಯರೆಂಬವರೇ ಇಲ್ಲ. ಅವು ಊರ ಹೊರಗಿನ ಖಾಲಿ ನಿವೇಶನಗಳಲ್ಲಿ ಪ್ಲಾಸ್ಟಿಕ್ ಚೀಲ ಹರಿದು ತಿನ್ನುತ್ತ, ರಾತ್ರಿ ವಾಹನಗಳ ದೀಪಕ್ಕೆ ಬೆದರಿ ರಸ್ತೆಗೆ ನುಗ್ಗುತ್ತ ಬದುಕುತ್ತವೆ. ಇವನ್ನು ಕಂಡು ಮರುಗಿ ಮನೆಗೆ ಕರೆತರುವವರು ನಮ್ಮಲ್ಲಿದ್ದಾರೆ. ಹಾಗೆ ಕರೆತಂದ ಮೇಲೆ, ಮೊದಲ ವಾರದಲ್ಲೇ, ಹೊಟ್ಟೆ ತುಂಬ ತಿಂದು ಸಾಯುವ ಕುದುರೆಗಳೂ ಇವೆ. ಆದ್ದರಿಂದ ಈ ಲೇಖನದಲ್ಲಿ ಮೊದಲ ಹತ್ತು ದಿನಗಳ ಮೇವಿನ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಕುದುರೆಯನ್ನು ಕರೆತರುವುದು ಅರ್ಧ ದಿನದಲ್ಲಿ ಮುಗಿಯುತ್ತದೆ. ಅದನ್ನು ಉಳಿಸಿಕೊಳ್ಳುವುದಕ್ಕೆ ತಿಂಗಳುಗಳೇ ಬೇಕು.

ಹಗ್ಗ ಹಿಡಿಯುವ ಮೊದಲು

ಇರಿಸಲು ಜಾಗ, ನೋಡಲು ವೈದ್ಯರು, ದಿನವೂ ಸಿಗುವ ಮೇವು, ಹಗಲಿರುಳು ಗಮನಿಸುವ ಒಬ್ಬರು: ಇಷ್ಟು ಗೊತ್ತಾಗದೆ ಯಾವ ಕುದುರೆಯನ್ನೂ ಕರೆತರಬೇಡಿ. ತಟ್ಟುವಿಗೆ ಹತ್ತು ಅಡಿ ಚೌಕದ, ದೊಡ್ಡ ಕುದುರೆಗೆ ಹನ್ನೆರಡು ಅಡಿ ಚೌಕದ ನೆರಳಿನ ಜಾಗ ಸಾಕು. ಆದರೆ ಅದು ಬೇರೆ ಕುದುರೆ, ಕತ್ತೆಗಳಿಂದ ದೂರವಿರಬೇಕು, ನೀರು ನಿಲ್ಲದ ನೆಲವಾಗಿರಬೇಕು. ಮಂಡ್ಯದ ನಾಲೆ ಬಯಲಿನಲ್ಲಿ ಈ ಎರಡನೆಯ ಮಾತನ್ನು ಜನ ಮರೆಯುತ್ತಾರೆ. ಗದ್ದೆಯ ಪಕ್ಕದ ತೇವದಲ್ಲಿ ನಿಂತ ಕುದುರೆಯ ಗೊರಸು ಕೊಳೆಯುತ್ತದೆ, ಸೊಳ್ಳೆ ನೊಣಗಳ ಕಾಟವೂ ಅಲ್ಲೇ ಹೆಚ್ಚು.

ವೈದ್ಯರ ವಿಷಯದಲ್ಲಿ ಒಂದು ಮಾತು. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದಿನವೂ ಬರುವುದು ಹಸು, ಎಮ್ಮೆ, ಕುರಿ, ಮೇಕೆ; ಕುದುರೆ ನೋಡಿ ಅಭ್ಯಾಸವಿರುವವರನ್ನು ಹುಡುಕಿಕೊಳ್ಳಬೇಕಾಗುತ್ತದೆ. ಮೈಸೂರಿನಲ್ಲಿ ರೇಸ್ ಕ್ಲಬ್ಬೂ ಪೊಲೀಸ್ ಅಶ್ವಾರೋಹಿ ದಳವೂ ಇರುವುದರಿಂದ, ಕುದುರೆ ಬಲ್ಲ ವೈದ್ಯರು, ಲಾಳ ಕಟ್ಟುವವರು, ಕುದುರೆ ನೋಡಿಕೊಳ್ಳುತ್ತಿದ್ದ ಹಳೆಯ ಸಾಯಿಸರು ಈ ಊರಿನಲ್ಲಿ ವಿಚಾರಿಸಿದರೆ ಸಿಗುತ್ತಾರೆ. ಇದು ಎಲ್ಲ ಊರಿಗೂ ಇಲ್ಲದ ಅನುಕೂಲ. ಶಸ್ತ್ರಚಿಕಿತ್ಸೆ ಬೇಕಾಗುವ ಪ್ರಕರಣಗಳಿಗೆ ಹಾಸನದ ಮತ್ತು ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜುಗಳಿವೆ. ರಸ್ತೆಯಲ್ಲಿ ಬಿದ್ದ ಪ್ರಾಣಿಗೆ ತುರ್ತಾಗಿ ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿ ಸಂಚಾರಿ ಚಿಕಿತ್ಸಾ ವಾಹನ ಕೇಳಬಹುದು.

ಕಂಡ ಜಾಗದಲ್ಲೇ ನೋಡಬೇಕಾದದ್ದು

ಹತ್ತಿರ ಹೋಗುವ ಮೊದಲು ದೂರದಿಂದಲೇ ಸ್ವಲ್ಪ ಹೊತ್ತು ನೋಡಿ. ನಾಲ್ಕು ಕಾಲಿನ ಮೇಲೂ ಭಾರ ಹಾಕಿದೆಯೇ, ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಮ್ಮಡಿಯ ಮೇಲೆ ನಿಂತಿದೆಯೇ, ಹೊಟ್ಟೆಯ ಕಡೆ ಪದೇ ಪದೇ ತಿರುಗಿ ನೋಡುತ್ತಿದೆಯೇ, ಮೂಗಿನಿಂದ ಏನು ಇಳಿಯುತ್ತಿದೆ ಎಂಬುದನ್ನು ಗಮನಿಸಿ. ಮೂಗಿನಿಂದ ದಪ್ಪಗೆ, ಹಳದಿಯಾಗಿ ಅಂಟು ಇಳಿಯುತ್ತಿದ್ದು, ಮೂಗಿನ ಹೊಳ್ಳೆಯೊಳಗೆ ಹುಣ್ಣುಗಳಿದ್ದರೆ, ಅಥವಾ ಕಾಲಿನ ಚರ್ಮದುದ್ದಕ್ಕೂ ಗಂಟುಗಳು ಸಾಲಾಗಿ ಎದ್ದು ಒಡೆದಿದ್ದರೆ, ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅದು ಗ್ಲ್ಯಾಂಡರ್ಸ್ ಆಗಿರುವ ಸಾಧ್ಯತೆ ಇದೆ. ಈ ರೋಗ ಮನುಷ್ಯರಿಗೂ ತಗುಲುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣದ 2009ರ ಕಾಯ್ದೆಯಡಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳಲ್ಲಿ ಇದೂ ಒಂದು. ಅನುಮಾನ ಬಂದ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಅವರು ರಕ್ತದ ಮಾದರಿ ತೆಗೆದು ಕಳಿಸುವ ತನಕ ಕುದುರೆಯನ್ನು ಅಲ್ಲಿಂದ ಕದಲಿಸಬೇಡಿ.

ಅಂಥ ಲಕ್ಷಣವಿಲ್ಲದಿದ್ದರೆ ಎಡಭುಜದ ಕಡೆಯಿಂದ, ಮೆಲ್ಲಗೆ ಮಾತಾಡುತ್ತ ಹತ್ತಿರ ಹೋಗಿ. ಮೇಲ್ದುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿದ ಗುರುತು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಗಾಗಬೇಕು. ಹೆಚ್ಚು ಹೊತ್ತು ಹಿಡಿದರೆ, ಅಥವಾ ಒಸಡು ಕಾಗದದಂತೆ ಬೆಳ್ಳಗಿದ್ದರೆ, ನೀರೋ ರಕ್ತವೋ ಬಹಳ ಕಡಿಮೆಯಾಗಿದೆ ಎಂದರ್ಥ. ವಿಶ್ರಾಂತಿಯಲ್ಲಿರುವ ಬೆಳೆದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಗುದದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು. ತಟ್ಟುಗಳಲ್ಲಿ ನಾಡಿ ಸ್ವಲ್ಪ ಹೆಚ್ಚಿರಬಹುದು. ಈ ಅಂಕಿಗಳನ್ನು ಬರೆದುಕೊಂಡು ವೈದ್ಯರಿಗೆ ಫೋನಿನಲ್ಲಿ ಹೇಳಿದರೆ, ಅವರು ಬರುವ ಮೊದಲೇ ಏನು ಮಾಡಬೇಕೆಂದು ತಿಳಿಸಬಲ್ಲರು.

ಫೋಟೋ ತೆಗೆಯಿರಿ: ಎರಡೂ ಪಕ್ಕ, ಎದುರು, ಹಿಂದೆ, ನಾಲ್ಕು ಗೊರಸು, ಪ್ರತಿಯೊಂದು ಗಾಯ, ನಿಂತಿರುವ ಜಾಗ. ಸುಳಿಗಳ ಫೋಟೋ ತಪ್ಪದೆ ಇರಲಿ. ಸುಳಿ ಕೆಟ್ಟದ್ದೆಂದು ಕುದುರೆಯನ್ನು ಬೀದಿಗೆ ಬಿಡುವವರು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ, ಅದು ಬೇಸರದ ಸಂಗತಿ. ಆದರೆ ಹುಟ್ಟಿನಿಂದ ಸಾವಿನ ತನಕ ಸುಳಿ ಬದಲಾಗದ ಕಾರಣ, ಇದೇ ಕುದುರೆ ಎಂದು ನಾಳೆ ಸಾಬೀತು ಮಾಡಲು ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಒಡೆಯರಿದ್ದರೆ ಮೊದಲು ಮಾತು

ಪೊಲೀಸರಿಗೆ ಹೋಗುವ ಮೊದಲು ಒಡೆಯರ ಜೊತೆ ಮಾತಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ಕುದುರೆ ಸೊರಗಿದ ಮನೆಯಲ್ಲಿ ಮನುಷ್ಯರೂ ಸೊರಗಿರುವುದು ಸಾಮಾನ್ಯ. "ಸ್ವಾಮಿ, ನಮ್ಗೇ ಹಿಟ್ಟಿಲ್ಲ, ಅದ್ಕೆ ಎಲ್ಲಿಂದ ಹುರುಳಿ ತರ್ಲಿ?" ಎಂದು ಕೇಳುವವರ ಮುಂದೆ ಕಾನೂನಿನ ಕಲಮು ಓದಿದರೆ ಅವರು ಆ ರಾತ್ರಿಯೇ ಕುದುರೆಯನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. "ಅಣ್ಣ, ಕುದುರೆ ನಿಮ್ಮದೇ. ಲಾಳ ಕಟ್ಟುವವರನ್ನು ನಾವು ಕರೆತರುತ್ತೇವೆ, ಗಾಯ ಒಣಗುವ ತನಕ ಗಾಡಿ ಕಟ್ಟಬೇಡಿ" ಎಂಬಲ್ಲಿಗೇ ಎಷ್ಟೋ ಪ್ರಕರಣಗಳು ಮುಗಿದುಬಿಡಬಹುದು. ಒಂದು ತಿಂಗಳ ಮೇವಿಗೂ ಗೊರಸಿನ ಕೆಲಸಕ್ಕೂ ನೆರವಾಗುವುದು, ಕುದುರೆಯನ್ನು ಬಿಡಿಸಿ ತಂದು ವರ್ಷಗಟ್ಟಲೆ ಸಾಕುವುದಕ್ಕಿಂತ ಅಗ್ಗ. ಕುದುರೆಗೂ ತನ್ನ ಪರಿಚಯದ ಮನೆ ತಪ್ಪುವುದಿಲ್ಲ.

ದುಡಿಯುವ ಕುದುರೆಯ ವಿಷಯದಲ್ಲಿ, ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಯುವ 1965ರ ನಿಯಮಗಳು ಏನು ಹೇಳುತ್ತವೆ ಎಂಬುದನ್ನು ಒಡೆಯರಿಗೂ ತಿಳಿಸುವುದು ಒಳ್ಳೆಯದು. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಡಿ ಕಟ್ಟುವಂತಿಲ್ಲ. ಮುಳ್ಳಿನ ಕಡಿವಾಣ ಸಂಪೂರ್ಣ ನಿಷಿದ್ಧ. ಬಾಯಿಯ ಎರಡೂ ಮೂಲೆಗಳನ್ನು ನೋಡಿದರೆ ಅದನ್ನು ಬಳಸಿದ್ದಾರೋ ಇಲ್ಲವೋ ತಿಳಿಯುತ್ತದೆ: ಅಲ್ಲಿ ಚರ್ಮ ಸೀಳಿ, ಒಣಗಿ, ಮತ್ತೆ ಸೀಳಿ ಗಂಟು ಕಟ್ಟಿರುತ್ತದೆ.

ಒಡೆಯರು ಕುದುರೆಯನ್ನು ಬಿಟ್ಟುಕೊಡಲು ಒಪ್ಪಿದರೆ ಬರವಣಿಗೆಯಲ್ಲೇ ಪಡೆಯಿರಿ. ಅವರ ಹೆಸರು, ವಿಳಾಸ, ಕುದುರೆಯ ಬಣ್ಣ, ಎತ್ತರ, ಸುಳಿ ಮತ್ತು ಇತರ ಗುರುತು, ಸ್ವಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂಬ ಮಾತು, ಇಬ್ಬರು ಸಾಕ್ಷಿಗಳ ಸಹಿ ಅದರಲ್ಲಿರಬೇಕು. ಹಣ ಕೊಟ್ಟು ಬಿಡಿಸಿಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಹಣ ಕೊಟ್ಟ ಮರುತಿಂಗಳೇ ಆ ಲಾಯದಲ್ಲಿ ಇನ್ನೊಂದು ಬಡಕಲು ತಟ್ಟು ಬಂದು ನಿಲ್ಲುತ್ತದೆ.

ಕಾನೂನಿನ ದಾರಿ

ಮಾತು ಫಲಿಸದಿದ್ದಾಗ, ಅಥವಾ ಕ್ರೌರ್ಯ ಕಣ್ಣಿಗೆ ಕಾಣುವಾಗ, ಪೊಲೀಸರಿಗೆ ಲಿಖಿತ ದೂರು ಕೊಡಿ. ಕುದುರೆಯನ್ನು ನೀವೇ ಬಿಚ್ಚಿಕೊಂಡು ಬರಬೇಡಿ. ಹಾಗೆ ಮಾಡಿದರೆ ಕಳವಿನ ದೂರು ನಿಮ್ಮ ಮೇಲೆಯೇ ಬರುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಸಾಕಷ್ಟು ಮೇವು, ನೀರು, ನೆರಳು ಕೊಡದಿರುವುದು, ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯನ್ನು ದುಡಿಸುವುದು, ಹಸಿದು ನರಳುವಂತೆ ತೊರೆದುಬಿಡುವುದು ಅಪರಾಧ. ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ ಮಾತ್ರ ಎಂದು ಕೇಳಿ ನಿರಾಶರಾಗಬೇಡಿ. ಈ ಕಾಯ್ದೆಯ ನಿಜವಾದ ಬಲವಿರುವುದು 34 ಮತ್ತು 35ನೇ ಕಲಮುಗಳಲ್ಲಿ: ಪ್ರಾಣಿಯನ್ನು ವಶಕ್ಕೆ ಪಡೆದು ಪರೀಕ್ಷೆಗೆ ಒಪ್ಪಿಸಲು ಪೊಲೀಸರಿಗೆ, ಚಿಕಿತ್ಸೆ ಮತ್ತು ಪೋಷಣೆಗಾಗಿ, ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಪಿಂಜರಾಪೋಲಿನಂಥ ಕಡೆಗೆ ಕಳಿಸಲು ಮ್ಯಾಜಿಸ್ಟ್ರೇಟರಿಗೆ ಅಲ್ಲಿ ಅಧಿಕಾರವಿದೆ. ಪ್ರಕರಣ ನಡೆಯುವಾಗ ಪ್ರಾಣಿಯ ಆರೈಕೆ ಹೇಗಿರಬೇಕೆಂದು 2017ರ ನಿಯಮಗಳು ಹೇಳುತ್ತವೆ. ಕೊಲ್ಲುವ ಅಥವಾ ಅಂಗಹೀನ ಮಾಡುವ ಕೃತ್ಯ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮನ್ನೂ ದೂರಿನಲ್ಲಿ ನಮೂದಿಸಬಹುದು. ಅದರಡಿ ಐದು ವರ್ಷದವರೆಗೆ ಶಿಕ್ಷೆ ಇದೆ.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಮೈಸೂರಿನ ಪಿಂಜರಾಪೋಲ್ ಇದೆ. ಅಲ್ಲಿ ಜಾಗವಿದೆಯೇ, ಕುದುರೆಯನ್ನು ಸೇರಿಸಿಕೊಳ್ಳುವರೇ ಎಂದು ಮೊದಲೇ ವಿಚಾರಿಸಿ. ನ್ಯಾಯಾಲಯದ ಆದೇಶದ ಮೇಲೆ ನಿಮ್ಮಲ್ಲಿರುವ ಕುದುರೆಯನ್ನು, ಪ್ರಕರಣ ಮುಗಿದು ಆದೇಶ ಕೈಸೇರುವ ತನಕ, ಯಾರಿಗೂ ದತ್ತು ಕೊಡುವಂತಿಲ್ಲ.

ಸಾಗಿಸುವಾಗ

ತಟ್ಟುವಿಗೆ ಸಣ್ಣ ಸರಕು ವಾಹನ ಸಾಕು, ದೊಡ್ಡ ಕುದುರೆಗೆ ಎತ್ತರದ ಕಟಾಂಜನವಿರುವ ವಾಹನ ಬೇಕು. ತಗಡಿನ ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಹುಲ್ಲು ಹರಡಿ. ಬರಿ ತಗಡಿನಲ್ಲಿ ಗೊರಸು ಜಾರಿ ಬಿದ್ದ ಬಡಕಲು ಕುದುರೆ ಮೇಲೇಳುವುದು ಕಷ್ಟ. ಹತ್ತಿಸಲು ದಿಬ್ಬವಿರುವ ಕಡೆ ವಾಹನವನ್ನು ಹಿಮ್ಮುಖವಾಗಿ ನಿಲ್ಲಿಸಿದರೆ ಅರ್ಧ ಜಗಳ ತಪ್ಪುತ್ತದೆ. ಬೆಳಗಿನ ತಂಪಿನಲ್ಲಿ ಹೊರಡಿ, ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಲಿ. ನಿಲ್ಲಲಾಗದ ಕುದುರೆಯನ್ನು ಎಳೆದು ಹಾಕಬೇಡಿ. ವೈದ್ಯರು ಅಲ್ಲಿಗೇ ಬರಲಿ. ಅವರು ಬರುವ ತನಕ ಎದೆಯ ಮೇಲೆ ಕೂತಂತೆ ಹುಲ್ಲಿನ ಮೂಟೆಗಳ ಆಸರೆ ಕೊಟ್ಟು, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಮೊದಲ ಹತ್ತು ದಿನ

ವಾರಗಟ್ಟಲೆ ಉಪವಾಸವಿದ್ದ ಕುದುರೆಯ ದೇಹ ತನ್ನ ಕೊಬ್ಬನ್ನೂ ಆಮೇಲೆ ಮಾಂಸವನ್ನೂ ಕರಗಿಸಿಕೊಂಡು ಬದುಕಿರುತ್ತದೆ. ಆ ಸ್ಥಿತಿಯಲ್ಲಿ ಒಮ್ಮೆಲೇ ಹಿಟ್ಟು, ಧಾನ್ಯ, ಬೆಲ್ಲ ಹೊಟ್ಟೆಗೆ ಬಿದ್ದರೆ ರಕ್ತದಲ್ಲಿ ಸಕ್ಕರೆ ಏರಿ, ಇನ್ಸುಲಿನ್ ಉಕ್ಕಿ, ರಕ್ತದಲ್ಲಿ ಉಳಿದಿದ್ದ ಅಲ್ಪಸ್ವಲ್ಪ ರಂಜಕ, ಮೆಗ್ನೀಸಿಯಂ, ಪೊಟ್ಯಾಸಿಯಂ ಜೀವಕೋಶಗಳೊಳಗೆ ಸೆಳೆದುಹೋಗುತ್ತವೆ. ಹೃದಯ, ಉಸಿರಾಟದ ಸ್ನಾಯುಗಳು, ನರಗಳು ಅವಿಲ್ಲದೆ ಕೆಲಸ ಮಾಡಲಾರವು. ಮೊದಲ ದಿನ ಗಬಗಬನೆ ತಿಂದು ಚುರುಕಾದಂತೆ ಕಂಡ ಕುದುರೆ, ಮೂರನೆಯ ದಿನದಿಂದ ಐದನೆಯ ದಿನದೊಳಗೆ ನಡುಗಿ, ಕಾಲು ಸೋತು, ಬಿದ್ದು ಸಾಯುವುದು ಈ ಕಾರಣಕ್ಕೆ. ಸುತ್ತಲಿನವರು "ಪಾಪ, ತಡವಾಗಿ ಸಿಕ್ಕಿತು" ಎನ್ನುತ್ತಾರೆ. ಅದು ಸತ್ತದ್ದು ನಾವು ಕೊಟ್ಟ ರಾಗಿಮುದ್ದೆಯಿಂದ, ಆಲೆಮನೆಯವರು ಪ್ರೀತಿಯಿಂದ ತಂದ ಬೆಲ್ಲದಚ್ಚಿನಿಂದ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯರು ಹಸಿದ ಕುದುರೆಗಳಿಗೆ ಬೇರೆ ಬೇರೆ ಮೇವು ಕೊಟ್ಟು ನೋಡಿ, ಲೂಸರ್ನ್ ಸೊಪ್ಪೇ ಉತ್ತಮವೆಂದು ಕಂಡುಕೊಂಡರು. ನಮ್ಮ ರೈತರು ಕುದುರೆ ಮೆಂತೆ ಅಥವಾ ಕುದುರೆ ಮಸಾಲೆ ಎಂದು ಕರೆಯುವ ಮೇವು ಇದು. ಇದರಲ್ಲಿ ಪಿಷ್ಟ ಕಡಿಮೆ; ಒಳ್ಳೆಯ ಪ್ರೋಟೀನು, ಜೊತೆಗೆ ಕುದುರೆಗೆ ಆಗ ಬೇಕಾದ ರಂಜಕ, ಮೆಗ್ನೀಸಿಯಂ ಇವೆ. ಅವರ ಕ್ರಮದಂತೆ ಸುಮಾರು 450 ಕಿಲೋ ತೂಗಬೇಕಾದ ಕುದುರೆಗೆ ಮೊದಲ ಮೂರು ದಿನ ನಾಲ್ಕು ಗಂಟೆಗೊಮ್ಮೆ ಅರ್ಧ ಕಿಲೋದಷ್ಟು ಒಣ ಲೂಸರ್ನ್ ಕೊಡಬೇಕು. ರಾತ್ರಿಯೂ ಸೇರಿ ದಿನಕ್ಕೆ ಆರು ಬಾರಿ. ನಾಲ್ಕನೆಯ ದಿನದಿಂದ ಪ್ರಮಾಣ ಹೆಚ್ಚಿಸುತ್ತ, ಹೊತ್ತು ಕಡಿಮೆ ಮಾಡುತ್ತ, ಆರನೆಯ ದಿನಕ್ಕೆ ಎಂಟು ಗಂಟೆಗೊಮ್ಮೆ ಎರಡು ಕಿಲೋದಷ್ಟಕ್ಕೆ ತರಬೇಕು. ಹತ್ತು ದಿನ ಕಳೆದ ಮೇಲೆ ತಿನ್ನುವಷ್ಟು ಹಾಕಬಹುದು. ಧಾನ್ಯ ಮಾತ್ರ ಚೇತರಿಕೆ ಚೆನ್ನಾಗಿ ಆಗುವ ತನಕ ಬೇಡ.

ನಮ್ಮ ತಟ್ಟುಗಳಿಗೆ ಈ ಲೆಕ್ಕವನ್ನು ಇಳಿಸಿಕೊಳ್ಳಬೇಕು. ತೂಕದ ಯಂತ್ರ ಸಿಗದಿದ್ದರೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ಬರುತ್ತದೆ. ಸುತ್ತಳತೆ 140, ಉದ್ದ 130 ಇದ್ದ ತಟ್ಟು ಸುಮಾರು 214 ಕಿಲೋ ತೂಗುತ್ತದೆ. ಅದಕ್ಕೆ ಮೊದಲ ದಿನಗಳಲ್ಲಿ ಹೊತ್ತಿಗೆ 230 ಗ್ರಾಂ ಒಣ ಲೂಸರ್ನ್ ಸಾಕು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಹಸಿ ಸೊಪ್ಪು. ಅದರಲ್ಲಿ ನೀರಿನ ಅಂಶವೇ ಬಹುಪಾಲು ಇರುವುದರಿಂದ, ಕೊಯ್ದಾಗಿನ ತೂಕದಲ್ಲಿ ಹೊತ್ತಿಗೆ ಒಂದು ಕಿಲೋದ ಹತ್ತಿರ ಹಾಕಬೇಕಾಗುತ್ತದೆ. ಕೊಯ್ದು ಅರ್ಧ ದಿನ ನೆರಳಿನಲ್ಲಿ ಬಾಡಿಸಿ, ನೆಲಕ್ಕೆ ಹಾಕದೆ ತೊಟ್ಟಿಯಲ್ಲಿ ಹಾಕಿ, ಏಕೆಂದರೆ ಹಸಿದ ಕುದುರೆ ಮೇವಿನ ಜೊತೆ ಮರಳನ್ನೂ ನುಂಗುತ್ತದೆ. ಬಿದ್ದ ಭತ್ತದ ಹುಲ್ಲಿನ ಹಾಸನ್ನೂ ಅದು ಬಿಡುವುದಿಲ್ಲ. ಈ ದಿನಗಳಲ್ಲಿ ಮರದ ಹೊಟ್ಟಿನ ಹಾಸು ಕ್ಷೇಮ.

ನೀರು ಸದಾ ಇರಲಿ; ತೀರ ಬಾಯಾರಿ ಬಂದ ಕುದುರೆಗೆ ಮಾತ್ರ ಮೊದಲ ಕೆಲವು ಗಂಟೆ ನಾಲ್ಕೈದು ಲೀಟರಿನಂತೆ ಬಿಟ್ಟು ಬಿಟ್ಟು ಕೊಡಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿ ಮೈಯಲ್ಲಿ ಕೊಬ್ಬಿಲ್ಲದ ಪ್ರಾಣಿಗೆ ಸಣ್ಣದಲ್ಲ, ಬೆನ್ನಿಗೆ ಗೋಣಿತಾಟು ಹೊದಿಸಿ. ಈ ಹತ್ತು ದಿನ ಮೇವು ಹಾಕುವವರು ಒಬ್ಬರೇ ಇರಬೇಕು, ಪ್ರತಿ ಹೊತ್ತನ್ನೂ ಪುಸ್ತಕದಲ್ಲಿ ಬರೆಯಬೇಕು. ಬಂದ ನೆಂಟರು, ಪಕ್ಕದ ಮನೆಯ ಮಕ್ಕಳು, ಹಣ್ಣಿನ ಸಿಪ್ಪೆ ಹಿಡಿದು ನಿಂತ ದಾರಿಹೋಕರು, ಯಾರ ಕೈಯಿಂದಲೂ ಒಂದು ತುತ್ತೂ ಹೋಗದಂತೆ ನೋಡಿಕೊಳ್ಳಿ. ಅವರ ಮುಖ ಸಣ್ಣದಾದರೂ ಚಿಂತೆಯಿಲ್ಲ.

ಕೆಲವನ್ನು ಉಳಿಸಲಾಗುವುದಿಲ್ಲ. ಮೈತೂಕದ ಅರ್ಧದಷ್ಟು ಕರಗಿಹೋದ, ಆಸರೆ ಕೊಟ್ಟರೂ ಒಂದೆರಡು ದಿನದಲ್ಲಿ ಏಳಲಾಗದ, ಮೂಳೆ ಮುರಿದು ಹೊರಬಂದ ಕುದುರೆಗೆ ವೈದ್ಯರು ದಯಾಮರಣ ಸೂಚಿಸಿದರೆ ಒಪ್ಪಿಕೊಳ್ಳಿ. ದೇವರು ಕೊಟ್ಟ ಜೀವ ದೇವರೇ ತೆಗೆಯಲಿ ಎನ್ನುವವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಏಳಲಾಗದ ಕುದುರೆ ತನ್ನ ಭಾರದಿಂದಲೇ ತನ್ನ ಸ್ನಾಯುಗಳನ್ನು ಜಜ್ಜಿಕೊಳ್ಳುತ್ತಿರುತ್ತದೆ. ಆ ನೋವನ್ನು ದಿನಗಟ್ಟಲೆ ಎಳೆಯುವುದು ಸರಿಯಲ್ಲ.

ರೋಗಪರೀಕ್ಷೆ, ಗಾಯ, ಗೊರಸು, ಹಲ್ಲು

ಹೊಸ ಕುದುರೆ ಕನಿಷ್ಠ ಮೂರು ವಾರ ಬೇರೆಯಾಗಿರಲಿ. ಅದರ ಬಕೆಟ್, ಹಗ್ಗ, ಖರಾರ ಬ್ರಷ್ ಬೇರೆಯವಕ್ಕೆ ಬಳಸಬೇಡಿ. ದವಡೆಯ ಕೆಳಗೆ ಗಂಟು ಬೀಗಿ ಕೀವಾಗುವ ಸ್ಟ್ರ್ಯಾಂಗಲ್ಸ್ ಇಂಥ ಬಕೆಟ್ಟಿನಿಂದಲೇ ಲಾಯವಿಡೀ ಹರಡುತ್ತದೆ. ಗ್ಲ್ಯಾಂಡರ್ಸ್ ಪರೀಕ್ಷೆಯ ಜೊತೆಗೆ ಸರ್ರಾ ರೋಗದ ರಕ್ತಪರೀಕ್ಷೆಯನ್ನೂ ಮಾಡಿಸಿ. ಕಚ್ಚುವ ದೊಡ್ಡ ನೊಣಗಳಿಂದ ಬರುವ ಈ ರೋಗದಲ್ಲಿ ಜ್ವರ ಬಂದು ಬಂದು ಹೋಗುತ್ತದೆ, ರಕ್ತ ಇಳಿಯುತ್ತದೆ, ಕಾಲು ಮತ್ತು ಹೊಟ್ಟೆಯಡಿ ನೀರು ತುಂಬುತ್ತದೆ. ಎಷ್ಟು ಮೇವು ಹಾಕಿದರೂ ಮೈ ಹತ್ತದ ಕುದುರೆಯಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಧನುರ್ವಾಯು ಚುಚ್ಚುಮದ್ದು ಮರೆಯಲೇಬಾರದು, ಈ ರೋಗಕ್ಕೆ ಕುದುರೆಯಷ್ಟು ಬೇಗ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಹೆಣ್ಣಾದರೆ ಗರ್ಭಪರೀಕ್ಷೆ ಮಾಡಿಸಿ. ಕುದುರೆಯ ಗರ್ಭ ಸುಮಾರು ಹನ್ನೊಂದು ತಿಂಗಳದ್ದು, ಮೂಳೆ ಕಾಣುವ ಮೈಯೊಳಗೂ ಮರಿ ಬೆಳೆಯುತ್ತಿರಬಹುದು. ಜಂತುಹುಳುವಿನ ಔಷಧವನ್ನು ಮೊದಲ ದಿನವೇ ಕುಡಿಸಬೇಡಿ. ಲದ್ದಿ ಪರೀಕ್ಷೆ ಮಾಡಿಸಿ, ಕುದುರೆಗೆ ಸ್ವಲ್ಪ ಕಸುವು ಬಂದ ಮೇಲೆ, ತೂಕ ನೋಡಿ ವೈದ್ಯರೇ ಕೊಡಲಿ.

ಗಾಯಕ್ಕೆ ಸೀಮೆಎಣ್ಣೆ, ಫಿನಾಯಿಲ್ ಸುರಿಯುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಹೋಗಿಲ್ಲ. ಹುಳು ಹೊರಬರುವುದೇನೋ ನಿಜ, ಅದರ ಜೊತೆ ಹೊಸದಾಗಿ ಕೂಡಿಕೊಳ್ಳುತ್ತಿದ್ದ ಮಾಂಸವೂ ಸುಟ್ಟುಹೋಗುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು ಬೆರೆಸಿ, ಅದನ್ನು ಧಾರೆಯಾಗಿ ಬಿಟ್ಟು ತೊಳೆಯಿರಿ. ಮುಂದಿನ ಮುಲಾಮನ್ನು ವೈದ್ಯರು ಹೇಳಲಿ.

ಗೊರಸಿನ ಕೆಲಸಕ್ಕೆ ಅವಸರ ಬೇಡ. ವರ್ಷಗಟ್ಟಲೆ ಕೊಯ್ಯದೆ ಚಪ್ಪಲಿಯ ಮೂತಿಯಂತೆ ಬೆಳೆದು ಮೇಲಕ್ಕೆ ತಿರುಗಿದ ಗೊರಸನ್ನು ಒಂದೇ ಸಲಕ್ಕೆ ಸರಿ ಮಾಡಿದರೆ, ವಕ್ರವಾಗಿಯೇ ಹೊಂದಿಕೊಂಡಿದ್ದ ಸ್ನಾಯುರಜ್ಜು ಎಳೆದು ಕುದುರೆ ನಡೆಯಲಾರದು. ಸಾಧ್ಯವಾದರೆ ಎಕ್ಸ್-ರೇ ತೆಗೆಸಿ, ಕೆಲವು ವಾರಗಳ ಅಂತರದಲ್ಲಿ ಸ್ವಲ್ಪ ಸ್ವಲ್ಪವೇ ಕೊಯ್ಯಿಸಿ. ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ ಕ್ರಮವಾಗಿ ಮಾಡಿಸಿದರೆ ಸಾಕು. ದಿನವೂ ಗೊರಸನ್ನು ಎತ್ತಿ, ಮೊನೆಯ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ಕೆರೆಯಿರಿ. ನಡುವಿನ ಮೆತ್ತನೆಯ ತ್ರಿಕೋನದ ಪಕ್ಕದ ಸೀಳಿನಲ್ಲಿ ಕಪ್ಪಗೆ, ಕೊಳೆತ ವಾಸನೆಯ ಲೋಳೆ ಸಿಕ್ಕರೆ ಗೊರಸು ಕೊಳೆಯುತ್ತಿದೆ ಎಂದು ತಿಳಿಯಿರಿ. ನೆಲ ಒಣಗಿಸದೆ ಹಾಕುವ ಯಾವ ಔಷಧವೂ ಅಲ್ಲಿ ನಿಲ್ಲುವುದಿಲ್ಲ. ಗೊರಸು ಬಿಸಿಯಾಗಿ, ಅದರ ಹಿಂಭಾಗದಲ್ಲಿ ನಾಡಿ ಬಲವಾಗಿ ಬಡಿಯುತ್ತಿದ್ದರೆ ಅದೇ ದಿನ ವೈದ್ಯರನ್ನು ಕರೆಯಿರಿ.

ಬಾಯಿಯಿಂದ ಅರ್ಧ ಅಗಿದ ಹುಲ್ಲಿನ ಉಂಡೆಗಳು ಬೀಳುತ್ತಿದ್ದರೆ ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿದೆ. ಹಲ್ಲು ಉಜ್ಜಿಸಿ ಸಮ ಮಾಡಿಸಿದರೆ ಅದೇ ಮೇವಿನಲ್ಲಿ ಕುದುರೆ ಮೈ ತುಂಬಿಕೊಳ್ಳುತ್ತದೆ.

ಮೈ ತುಂಬುವ ತಿಂಗಳುಗಳು

ಚೇತರಿಕೆಗೆ ಮೂರರಿಂದ ಐದು ತಿಂಗಳು, ಕೆಲವಕ್ಕೆ ಇನ್ನೂ ಹೆಚ್ಚು ಹಿಡಿಯುತ್ತದೆ. ಕುದುರೆಯ ಮೈ ಎಷ್ಟು ತುಂಬಿದೆ ಎಂದು ನೋಡಿ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುವ ಹೆನೆಕೆ ಮಾಪನ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಒಂದು ಎಂದರೆ ಎಲುಬಿನ ಹಂದರ, ಐದು ಎಂದರೆ ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ತಾಗುವ ಸ್ಥಿತಿ. ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಫೋಟೋ ತೆಗೆದು ಅಂಕ ಬರೆಯಿರಿ.

ಮೇವಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಸಂಬಂಧಿಸಿದ ಕೆಲವು ಎಚ್ಚರಿಕೆಗಳಿವೆ. ಹೈನುಗಾರಿಕೆಯ ಜಿಲ್ಲೆಗಳಾದ್ದರಿಂದ ಎಲ್ಲರ ಮನೆಯಲ್ಲೂ ಪಶು ಆಹಾರದ ಮೂಟೆ ಇರುತ್ತದೆ. ಅದನ್ನು ಕುದುರೆಗೆ ಹಾಕಬೇಡಿ. ಕೆಲವು ದನದ ಮತ್ತು ಕೋಳಿಯ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್‌ನಂಥ ಔಷಧ ದನಕ್ಕೆ ಏನೂ ಮಾಡದ ಪ್ರಮಾಣದಲ್ಲೇ ಕುದುರೆಯ ಹೃದಯ ನಿಲ್ಲಿಸುತ್ತದೆ. ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಹಾಕಿ, ಮೇಲೆ ಗೋಧಿ ಬೂಸಾ ಕೊಡುವುದು ಇನ್ನೊಂದು ತಪ್ಪು. ಹುಲ್ಲಿನಲ್ಲಿರುವ ಆಕ್ಸಲೇಟ್ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ, ಬೂಸಾದ ರಂಜಕ ಉಳಿದದ್ದನ್ನೂ ಕೆಡಿಸುತ್ತದೆ. ಕೊನೆಗೆ ಮುಖದ ಮೂಳೆ ಊದಿ, ಮೈಮೂಳೆ ಬಲ ಕಳೆದುಕೊಳ್ಳುತ್ತದೆ. ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ, ರಾಗಿ ಹುಲ್ಲು ಅದಕ್ಕಿಂತ ಎಷ್ಟೋ ಮೇಲು. ಸ್ವಂತ ಜಮೀನಿದ್ದರೆ ಅಕ್ಟೋಬರ್, ನವೆಂಬರಿನಲ್ಲಿ ನೀರು ಬಸಿಯುವ ತುಂಡಿನಲ್ಲಿ ಲೂಸರ್ನ್ ಬಿತ್ತಿ. ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೇವಿನ ಬೆಳೆಗಳ ವಿಭಾಗವಿದೆ, ತಳಿಯ ಬಗ್ಗೆ ಅಲ್ಲಿ ಕೇಳಬಹುದು. ಹುರುಳಿಯನ್ನು ಚೇತರಿಕೆ ಮುಗಿದ ಮೇಲೆ, ಬೇಯಿಸಿ, ಹಿಡಿಯಷ್ಟರಿಂದ ಆರಂಭಿಸಿ. ಬೇಲಿಯಲ್ಲಿ ಕಣಗಿಲೆ ಇದ್ದರೆ ಕುದುರೆ ಬರುವ ಮೊದಲೇ ಬೇರುಸಹಿತ ಕಿತ್ತು ದೂರ ಹಾಕಿ. ಅದರ ಒಣಗಿದ ಎಲೆಯೂ ವಿಷ.

ಹೊಡೆತ ತಿಂದ ಕುದುರೆ 'ಎತ್ತಿದ ಕೈ' ಕಂಡರೆ ತಲೆ ಹಿಂದಕ್ಕೆಳೆಯುತ್ತದೆ. ದಿನವೂ ಒಂದೇ ಹೊತ್ತಿಗೆ, ಒಂದೇ ವ್ಯಕ್ತಿ, ಭುಜ ಮತ್ತು ಕತ್ತಿನ ಬುಡವನ್ನು ಉಜ್ಜುತ್ತ ಬಂದರೆ ಅದು ತಾನಾಗಿ ತಲೆ ತಗ್ಗಿಸುವ ದಿನ ಬರುತ್ತದೆ. ಅಲ್ಲಿಯವರೆಗೆ ಲಗಾಮಿನ ಮಾತೇ ಬೇಡ. ಶಬ್ದದ ಭಯಕ್ಕೆ ನಮ್ಮೂರಿನಲ್ಲೇ ಒಂದು ಪಾಠವಿದೆ: ದಸರೆಗೆ ಮುಂಚೆ ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡಿಸುತ್ತಾರೆ, ಬೆದರದ ಪ್ರಾಣಿಯ ಪಕ್ಕದಲ್ಲಿ ಬೆದರುವ ಪ್ರಾಣಿ ನಿಂತು ಕಲಿಯುತ್ತದೆ. ನಿಮ್ಮ ಕುದುರೆಗೂ ಶಾಂತ ಸ್ವಭಾವದ ಜೊತೆಗಾರ ಕುದುರೆಯೇ ಒಳ್ಳೆಯ ಗುರು.

ಹೊಸ ಮನೆ

ಹೆನೆಕೆ ಅಂಕ ನಾಲ್ಕೂವರೆಯಾದರೂ ಮುಟ್ಟಿ, ಗೊರಸು ನೆಟ್ಟಗಾಗಿ, ಅಪರಿಚಿತರ ಕೈಯಲ್ಲೂ ಹಗ್ಗಕ್ಕೆ ನಡೆಯುವಂತಾದ ಮೇಲೆ ಹೊಸ ಮನೆ ಹುಡುಕಿ. ಗಂಡಾದರೆ ಬೀಜ ತೆಗೆಸಿಯೇ ಕಳಿಸಿ. ಅದಾದ ಮೇಲೂ ಕೆಲವು ವಾರ ಹೆಣ್ಣುಗಳ ಜೊತೆ ಬಿಡಬೇಡಿ. ಸವಾರಿಗೆ ಆಗುವುದೇ, ಬರಿ ಒಡನಾಟಕ್ಕೆ ಮಾತ್ರವೇ, ಯಾವ ಕಾಲು ಸೋಲುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದನ್ನು ಮುಚ್ಚಿಡದೆ ಬರೆದು ಕೊಡಿ. ರೇಸಿನಿಂದ ಬಂದ ಥರೋಬ್ರೆಡ್ ಕುದುರೆಯನ್ನು ಹೊಸಬರಿಗೆ ಕೊಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳಿ ಬಂದವರ ಮನೆಗೆ ಹೋಗಿ ನೋಡಿ. ಮುಳ್ಳುತಂತಿಯ ಬೇಲಿ, ಪಕ್ಕದಲ್ಲಿ ತಡೆಗೋಡೆಯಿಲ್ಲದ ನಾಲೆ, ಲಂಟಾನ ತುಂಬಿದ ಹುಲ್ಲುಗಾವಲು ಇದ್ದರೆ ಅದನ್ನು ಸರಿಪಡಿಸುವ ತನಕ ಕಾಯಿರಿ. ಒಂಟಿಯಾಗಿ ಇರಿಸುವವರಿಗೆ ಕೊಡಬೇಡಿ, ಕುದುರೆ ಗುಂಪಿನ ಪ್ರಾಣಿ. ಇನ್ನೊಂದು ಕುದುರೆ ಇಲ್ಲದಿದ್ದರೆ ಕತ್ತೆಯೋ ಹಸುವೋ ಆದರೂ ಜೊತೆಗಿರಬೇಕು. ಮಗಳ ಹುಟ್ಟುಹಬ್ಬಕ್ಕೆ ಬೇಕು ಎನ್ನುವವರಿಗೆ ಮೇವಿನ ಮತ್ತು ಲಾಳದ ತಿಂಗಳ ಖರ್ಚನ್ನು ಲೆಕ್ಕಹಾಕಿ ತೋರಿಸಿ. ಮದುವೆಗೆ ಬಾಡಿಗೆ ಕೊಡುವವರಿಗೂ ಮರಿ ಹಾಕಿಸಿ ಮಾರುವವರಿಗೂ ನೇರವಾಗಿ ಇಲ್ಲವೆನ್ನಿ.

ಮೊದಲು ಒಂದು ತಿಂಗಳ ಮಟ್ಟಿಗೆ ಕೊಟ್ಟು ನೋಡಿ, ಆಮೇಲೆ ಛಾಪಾ ಕಾಗದದ ಮೇಲೆ ಕರಾರು ಬರೆಸಿ. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ, ಬಾಡಿಗೆಗೆ ದುಡಿಸುವಂತಿಲ್ಲ, ಮರಿ ಹಾಕಿಸುವಂತಿಲ್ಲ, ಸಾಕಲು ಆಗದಿದ್ದರೆ ನಮಗೇ ಹಿಂದಿರುಗಿಸಬೇಕು, ಮುಂಚೆ ಹೇಳದೆಯೂ ಬಂದು ನೋಡುವ ಹಕ್ಕು ನಮಗಿದೆ ಎಂಬ ಷರತ್ತುಗಳು ಅದರಲ್ಲಿರಲಿ. ಫೋಟೋ, ಸುಳಿಗಳ ವಿವರ, ಚುಚ್ಚುಮದ್ದಿನ ಚೀಟಿ ಲಗತ್ತಿಸಿ.

ಮೊದಲ ವಾರ, ಮೊದಲ ತಿಂಗಳು, ಮೂರನೆಯ ತಿಂಗಳು ಹೋಗಿ ಬನ್ನಿ, ಆಮೇಲೆ ವರ್ಷಕ್ಕೆ ಎರಡು ಬಾರಿಯಾದರೂ. ಹೋದಾಗ ಕಾಫಿ ಕುಡಿಯುವ ಮೊದಲು ನೀರಿನ ತೊಟ್ಟಿಯ ತಳ ನೋಡಿ, ನಾಲ್ಕೂ ಗೊರಸು ಎತ್ತಿ ನೋಡಿ, ಪಕ್ಕೆಲುಬಿನ ಮೇಲೆ ಕೈಯಾಡಿಸಿ. ಕೂದಲು ದಟ್ಟವಾಗಿ ಬೆಳೆದ ಚಳಿಗಾಲದಲ್ಲಿ ಕಣ್ಣಿಗೆ ಮೈ ತುಂಬಿದಂತೆಯೇ ಕಾಣುತ್ತದೆ. ಆ ಮನೆಯಲ್ಲಿ ಸಾವು, ಸಾಲ, ಕಾಯಿಲೆ ಬಂದಿದ್ದರೆ ತಪ್ಪು ಹುಡುಕಬೇಡಿ, ಕೆಲವು ತಿಂಗಳ ಮಟ್ಟಿಗೆ ಕುದುರೆಯನ್ನು ನಾವು ನೋಡಿಕೊಳ್ಳುತ್ತೇವೆ ಎಂದು ನೀವೇ ಮೊದಲು ಹೇಳಿ. ಅದಕ್ಕಾಗಿ ನಿಮ್ಮ ಲಾಯದಲ್ಲಿ ಒಂದು ಜಾಗವನ್ನೂ ಒಂದು ತಿಂಗಳ ಮೇವಿನ ಹಣವನ್ನೂ ಯಾವಾಗಲೂ ಬಿಟ್ಟುಕೊಂಡಿರಬೇಕು. ಎಲ್ಲ ಜಾಗವೂ ತುಂಬಿರುವ ದಿನ ಇನ್ನೊಂದು ಕುದುರೆಯ ಸುದ್ದಿ ಬಂದರೆ ಅದನ್ನು ಬೇರೆಯವರಿಗೆ ದಾಟಿಸಿ.